ಅಕ್ರಿಲಿಕ್ ಮೀನುತೊಟ್ಟಿಗೆ ಯಾವ ಅಂಟು?

ನಮ್ಮ ಲಿಂಬೆ ತೋಟದ ನೀರಿನ ಟಾಕಿಯಲ್ಲಿ ಗಪ್ಪಿ ಮೀನು ಬಿಟ್ಟಿದ್ದೇನೆ. ಸೊಳ್ಳೆ ಮರಿ ತಿಂದು ಹಾಕುತ್ತವೆ. ಬೇಸಿಗೆಗೆ ಟಾಕಿ ಬತ್ತುವುದರಿಂದ ತಳಿ ಉಳಿಸಿಕೊಳ್ಳಲು ಮನೆಯಲ್ಲೊಂದು ಸಣ್ಣ ತೊಟ್ಟಿ ಬೇಕೇ ಬೇಕು. ಸೊಲ್ಲಾಪುರದಿಂದ ಬೈಕಿನ ಮೇಲೆ ಗಾಜಿನ ತೊಟ್ಟಿ ತಂದೆ. ಹೊರ್ತಿ ಮುಟ್ಟುವುದರೊಳಗೆ ಅದರ ಮೂಲೆ ಬಿರಿದಿತ್ತು. ಆಗ ಅಕ್ರಿಲಿಕ್ ಹಾಳೆ ಕೊಯ್ಸಿ ನಾನೇ ಜೋಡಿಸಲು ಕುಳಿತೆ. ಇದರ ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ, ಸಣ್ಣಪುಟ್ಟ ಪೆಟ್ಟಿಗೆ ಒಡೆಯುವುದಿಲ್ಲ.

ಗಾಜಿನ ತೊಟ್ಟಿಗೆ ಹಾಕುವುದು ಸಿಲಿಕೋನ್ ಎಂದು ಗೊತ್ತಿತ್ತು, ಅದನ್ನೇ ಬಳಸಿದೆ. ನಾಲ್ಕನೇ ದಿನ ಬೆಳಿಗ್ಗೆ ನೆಲವೆಲ್ಲ ನೀರು. ಸಂದಿನ ಸಿಲಿಕೋನು ಬಾಳೆಹಣ್ಣಿನ ಸಿಪ್ಪೆ ಸುಲಿದಂಗ ಎದ್ದು ಬಂತು. ನಲವತ್ತು ಮೀನಿನೊಳಗೆ ಆರು ಉಳಿದವು.

ತಪ್ಪು ಎಲ್ಲಿತ್ತೆಂಬುದು ಡ್ರಿಪ್ ಹಾಕಿದವರಿಗೆ ಬೇಗ ತಿಳಿಯುತ್ತದೆ. ಪಿವಿಸಿ ಪೈಪಿಗೆ ಸಲ್ಯೂಷನ್ ಹಚ್ಚಿದಾಗ ಅದು ಪೈಪಿನ ಮೈಯನ್ನೇ ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಅದೇ ಸಲ್ಯೂಷನ್ ಕರಿ ಲ್ಯಾಟರಲ್ ಪೈಪಿಗೆ ಹಚ್ಚಿ ನೋಡ್ರಿ, ಹಿಡಿಯಂಗಿಲ್ಲ. ಪಾಲಿಥೀನನ್ನು ಅದು ಕರಗಿಸಲಾರದು. ಹಾಗಾಗಿ ಆಯಾ ಪ್ಲಾಸ್ಟಿಕ್ಕಿಗೆ ಅದನ್ನು ಕರಗಿಸುವ ದ್ರವವೇ ಬೇಕು. ಸಿಲಿಕೋನು ಗಾಜನ್ನು ಗಟ್ಟಿ ಹಿಡಿಯುತ್ತದೆ, ಅಕ್ರಿಲಿಕ್ ಮೇಲೆ ಬರೀ ಕೂತಿರುತ್ತದೆ. ಎರಡು ಟ್ಯೂಬು ಕಲಸುವ ಎಪಾಕ್ಸಿಯ ಹಣೆಬರಹವೂ ಬಹುತೇಕ ಅದೇ. ವರ್ಷ ಕಳೆದಂತೆ ಹಳದಿಯೂ ಆಗುತ್ತದೆ. ಕ್ಷಣದಲ್ಲಿ ಹಿಡಿಯುವ ಚಿಕ್ಕ ಟ್ಯೂಬಿನ ಅಂಟು ಬಿರುಸು, ಸುತ್ತ ಬಿಳಿ ಮಬ್ಬು ಬಿಡುತ್ತದೆ. ಪಿವಿಸಿ ಸಲ್ಯೂಷನ್ ಅಕ್ರಿಲಿಕ್ಕನ್ನು ಸ್ವಲ್ಪ ಕರಗಿಸಿದರೂ ಸಂದು ಗಲೀಜಾಗುತ್ತದೆ. ನೀರಿನ ಭಾರಕ್ಕೆ ಅದನ್ನು ನಂಬಬಾರದು.

ಬೇಕಾದದ್ದು ನೀರಿನಷ್ಟು ತೆಳುವಾದ ಅಕ್ರಿಲಿಕ್ ದ್ರವ. ಬೋರ್ಡು ಮಾಡುವವರು ಕ್ಲೋರೋಫಾರ್ಮ್ ಬಳಸುವುದುಂಟು. ಸಿದ್ಧ ಬಾಟಲಿಗಳಲ್ಲಿ ಹೆಚ್ಚಾಗಿ ಡೈಕ್ಲೋರೋಮೀಥೇನ್ ಇರುತ್ತದೆ. ಹಾಳೆಗಳನ್ನು ಕಾಗದದ ಟೇಪಿನಿಂದ ನಿಲ್ಲಿಸಿ, ಸೂಜಿಯಿಂದ ಸಂದಿನುದ್ದಕ್ಕೂ ಬಿಟ್ಟರೆ ದ್ರವ ತಾನಾಗಿ ಒಳಗೆ ಹರಿಯುತ್ತದೆ. ಗಟ್ಟಿಯಾಗಿ ಒತ್ತಬೇಡಿ, ದ್ರವ ಹೊರಗೆ ಬಂದುಬಿಡುತ್ತದೆ. ನಾನು ದನಗಳಿಗೆ ಚುಚ್ಚುವ ಗಾಜಿನ ಸಿರಿಂಜ್ ಬಳಸಿದೆ. ಅದನ್ನು ಮತ್ತೆ ದನಕ್ಕೆ ಮುಟ್ಟಿಸುವಂತಿಲ್ಲ.

ಆದರೆ ಕೆಲಸದ ಮುಕ್ಕಾಲು ಪಾಲು ಇರುವುದು ಅಂಚಿನಲ್ಲಿ. ತೆಳು ದ್ರವ ಕೂದಲೆಳೆಯ ಸಂದು ತುಂಬುತ್ತದೆ, ಗರಗಸದ ಗುರುತು ತುಂಬುವುದಿಲ್ಲ. ನೇರವಾದ ಬ್ಲೇಡಿನಿಂದ ಅಂಚನ್ನು ಕೆರೆದು, ಎರಡು ಹಾಳೆ ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಮತ್ತೆ ಕೆರೆಯಬೇಕು. ಬೆಂಕಿಯ ಜ್ವಾಲೆ ಹಾಯಿಸಿ ಅಂಚನ್ನು ಹೊಳಪು ಮಾಡುವವರಿದ್ದಾರೆ. ಅಂಟಿಸುವ ಅಂಚಿಗೆ ಅದು ಬೇಡ, ದ್ರವ ತಾಗಿದ ಕೂಡಲೇ ಸಣ್ಣ ಸಣ್ಣ ಬಿರುಕು ಮೂಡುತ್ತವೆ. ಒರೆಸಲು ಥಿನ್ನರ್ ಬೇಡ, ಸೋಪಿನ ನೀರು ಸಾಕು. ಅಂಚು ಎಷ್ಟು ಕೆರೆದರೂ ಸೊಟ್ಟವೇ ಉಳಿದರೆ ಅಕ್ರಿಲಿಕ್ ಕರಗಿಸಿದ ದಪ್ಪ ಅಂಟು ಸಿಗುತ್ತದೆ, ಅದನ್ನು ಒಳಮೂಲೆಗೂ ಎಳೆಯಬಹುದು.

ನಮ್ಮ ಕಡೆ ಇನ್ನೊಂದು ಫಜೀತಿ, ಬಿಸಿಲು. ಡೈಕ್ಲೋರೋಮೀಥೇನ್ ಕುದಿಯುವುದು ಸುಮಾರು 40 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ವಿಜಯಪುರ ಜಿಲ್ಲೆಯ ಶಾಖವೇ ಅಷ್ಟಿರುತ್ತದೆ! ಸೂಜಿಯ ತುದಿಯಲ್ಲೇ ಆವಿಯಾಗಿ ಸಂದಿನಲ್ಲಿ ಗುಳ್ಳೆ ಉಳಿದವು. ಮಳೆಗಾಲದ ತೇವದಲ್ಲಿ ಮಾಡಿದರೆ ಸಂದು ಬೆಳ್ಳಗಾಗುತ್ತದೆ. ಚಳಿಗಾಲದ ಒಣ ಬೆಳಗೇ ಸರಿ.

ಮೊದಲ ಸಲ ನಾನು ಗಾಳಿಗೆ ದ್ರವ ಆರಬಾರದೆಂದು ಪಂಪ್ ಶೆಡ್ಡಿನ ಬಾಗಿಲು ಹಾಕಿಕೊಂಡು ಕುಳಿತಿದ್ದೆ. ಅರ್ಧ ತಾಸಿಗೆ ತಲೆ ತಿರುಗಿ ಗೋಡೆ ಹಿಡಿದು ಹೊರಗೆ ಬಂದೆ. ನಮ್ಮವ್ವ "ಮೀನಕ್ಕಿಂತ ಮೊದಲ ನೀ ಸಾಯ್ತಿ" ಎಂದು ಬೈದಳು. ಅವಳ ಮಾತು ಸುಳ್ಳಲ್ಲ. ಈ ಆವಿ ಮೈಸೇರಿದರೆ ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅಮೆರಿಕದಲ್ಲಿ 2024ರಲ್ಲಿ ಮನೆಬಳಕೆಗೆ ಇದನ್ನು ನಿಷೇಧಿಸಿದರು. ಮೂಗಿಗೆ ಕಟ್ಟುವ ಬಟ್ಟೆ ಇದನ್ನು ತಡೆಯದು. ಅಂಗಳದ ನೆರಳಿನಲ್ಲಿ, ಗಾಳಿಗೆ ಬೆನ್ನು ಕೊಡದೆ ಪಕ್ಕ ಕೊಟ್ಟು ಕೂಡಬೇಕು. ಬೀಡಿ, ಒಲೆ ದೂರವಿರಲಿ, ಬೆಂಕಿಗೆ ಸಿಕ್ಕರೆ ಆವಿ ಇನ್ನೂ ಘೋರ ವಿಷ. ಮಕ್ಕಳನ್ನಂತೂ ಹತ್ತಿರ ಬಿಡಬೇಡಿ.

ನನ್ನ ತೊಟ್ಟಿ 60 ಸೆಂ.ಮೀ. ಉದ್ದ, ಅಗಲ ಎತ್ತರ 30. ಹಾಳೆ 6 ಮಿ.ಮೀ., ಮೇಲೆ ಸುತ್ತಲೂ ಪಟ್ಟಿ. ತುಂಬಿದರೆ 54 ಲೀಟರ್, ಉದ್ದದ ಗೋಡೆಯನ್ನು ನೀರು ಸುಮಾರು 27 ಕಿಲೋ ಭಾರದಿಂದ ನೂಕುತ್ತದೆ. ಎತ್ತರ ಇಮ್ಮಡಿ ಮಾಡಿದರೆ ಈ ನೂಕು ನಾಲ್ಕು ಪಟ್ಟು! ಅಷ್ಟು ಎತ್ತರದ್ದು ಬೇಕಿದ್ದರೆ, ಅಥವಾ ಒಂದೇ ಕಡೆ ಇಡುವುದಿದ್ದರೆ, ಗಾಜು ಮತ್ತು ಸಿಲಿಕೋನೇ ಅಗ್ಗ, ಗೀರೂ ಬೀಳುವುದಿಲ್ಲ.

ಉಳಿದ ಚೂರುಗಳನ್ನು ಮೊದಲು ಅಂಟಿಸಿ, ಎರಡು ದಿನ ಬಿಟ್ಟು ಮುರಿದು ನೋಡಿ. ಸಂದು ಬಿಟ್ಟುಕೊಂಡರೆ ಅಂಚು ಸರಿಯಿಲ್ಲ. ಹಾಳೆಯೇ ಮುರಿದರೆ ಧೈರ್ಯವಾಗಿ ತೊಟ್ಟಿಗೆ ಕೈ ಹಾಕಿ. ಜೋಡಿಸಿದ ಮೇಲೆ ಒಂದು ವಾರ ಹಾಗೇ ಒಣಗಲಿ. ಆಮೇಲೆ ಅಂಗಳದಲ್ಲೇ ನೀರು ತುಂಬಿ ಮೂರು ದಿನ ಇಟ್ಟು, ಆ ನೀರು ಚೆಲ್ಲಿ ತೊಳೆದು, ಹೊಸ ನೀರಿಗೆ ಎರಡೇ ಮೀನು ಬಿಡಿ. ನನ್ನ ಎರಡನೇ ತೊಟ್ಟಿಗೆ ಆ ಉಳಿದ ಆರರಲ್ಲಿ ಎರಡನ್ನು ಬಿಟ್ಟು ವಾರ ಕಾದೆ.