ಮನೆಯ ಚಾಕೊಲೇಟ್ ಕೈಗೆ ಅಂಟುವುದೇಕೆ?

ಪ್ರಶ್ನೆ: ಮಕ್ಕಳಿಗೆಂದು ಚಾಕೊಲೇಟ್ ಕರಗಿಸಿ ಅಚ್ಚಿಗೆ ಹಾಕುತ್ತೇನೆ. ಒಮ್ಮೆ ಕರಗಿಸುವಾಗಲೇ ಗಂಟುಕಟ್ಟುತ್ತದೆ. ಇನ್ನೊಮ್ಮೆ ಗಟ್ಟಿಯಾದರೂ ಹೊಳಪಿಲ್ಲ, ಹಿಡಿದರೆ ಕೈಗೆ ಮೆತ್ತಿಕೊಳ್ಳುತ್ತದೆ. ಅಂಗಡಿಯದರ ಹಾಗೆ ಯಾಕೆ ಬರುವುದಿಲ್ಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗಂಟುಕಟ್ಟುವುದಕ್ಕೆ ಕಾರಣ ನೀರು. ಚಾಕೊಲೇಟಿನಲ್ಲಿ ಸಕ್ಕರೆ ಮತ್ತು ಕೋಕೋ ಪುಡಿ ಕೊಬ್ಬಿನಲ್ಲಿ ತೇಲುತ್ತಿರುತ್ತವೆ. ಒದ್ದೆ ಚಮಚದ ಒಂದೆರಡು ಹನಿ ಬಿದ್ದರೂ ಸಕ್ಕರೆ ನೆನೆದು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಹಾಗೆ ಆದರೆ ಚೆಲ್ಲಬೇಡಿ. ಬಿಸಿ ಹಾಲನ್ನು ಚಮಚ ಚಮಚವಾಗಿ ಸೇರಿಸಿ ಕದಡುತ್ತಾ ಹೋಗಿ. ಹನಿ ನೀರು ಕೆಡಿಸಿದ್ದನ್ನು ನಾಲ್ಕು ಚಮಚ ಹಾಲು ಸರಿಮಾಡುತ್ತದೆ! ಅದು ಅಚ್ಚಿಗೆ ಬಾರದು, ದೋಸೆಗೆ ಸವರಿ ಕೊಟ್ಟರೆ ಮಕ್ಕಳು ಬೇಡ ಎನ್ನುವುದಿಲ್ಲ.

ಹೊಳಪಿನದು ಬೇರೆ ಕಥೆ. ಅಸಲಿ ಚಾಕೊಲೇಟಿನ ಕೊಬ್ಬು ಕೋಕೋ ಬೆಣ್ಣೆ. ಅದು ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ಐದನೆಯದು ಮಾತ್ರ ಹೊಳೆಯುತ್ತದೆ, ಮುರಿದರೆ ಟಕ್ಕೆನ್ನುತ್ತದೆ, ಸುಮಾರು 34 ಡಿಗ್ರಿಗೆ ಬಾಯಲ್ಲಿ ಕರಗುತ್ತದೆ. ಅದನ್ನು ಪಡೆಯಲು ಡಾರ್ಕ್ ಚಾಕೊಲೇಟನ್ನು 45 ಡಿಗ್ರಿಯವರೆಗೆ ಕಾಯಿಸಿ, ಕದಡುತ್ತಾ 27ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸಬೇಕು. ಇದೇ ಟೆಂಪರಿಂಗ್. 1986ರಲ್ಲಿ ಶುರುವಾದ ಪುತ್ತೂರಿನ ಕ್ಯಾಂಪ್ಕೊದಂಥ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಯಂತ್ರಗಳಿರುತ್ತವೆ. ಏಪ್ರಿಲ್ ತಿಂಗಳ ದಾವಣಗೆರೆಯ ಅಡುಗೆಮನೆಯಲ್ಲಿ 27 ಡಿಗ್ರಿ ಎಲ್ಲಿಂದ ತರುತ್ತೀರಿ?

ಆದ್ದರಿಂದ ಮಕ್ಕಳ ತಿನಿಸಿಗೆ ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಾಂಪೌಂಡ್ ಗಟ್ಟಿಯೇ ಸರಿ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ಟೆಂಪರಿಂಗ್ ಬೇಕಿಲ್ಲ. ರುಚಿ ಅಸಲಿಯದಕ್ಕಿಂತ ಒಂದು ಕೈ ಕಡಿಮೆಯೇ, ಒಪ್ಪುತ್ತೇನೆ. ಕೊಳ್ಳುವಾಗ ಪೊಟ್ಟಣದ ಹಿಂದಿನ ಪಟ್ಟಿ ಓದಿ, ಯಾವ ಕೊಬ್ಬು ಎಂದು ಅಲ್ಲೇ ಬರೆದಿರುತ್ತದೆ.

ನಿಮ್ಮದು ಮಂಡಕ್ಕಿಯ ಊರು, ಅದರಿಂದಲೇ ಶುರುಮಾಡಿ. ಎರಡು ಲೋಟ ಮಂಡಕ್ಕಿಯನ್ನು ಸಣ್ಣ ಉರಿಯಲ್ಲಿ ಗರಿಗರಿಯಾಗುವಷ್ಟು ಹುರಿದು ಪೂರ್ತಿ ಆರಿಸಿ. ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಒಲೆ ಆರಿಸಿ, ಅದರ ಮೇಲೆ ನೀರು ತಗಲದಂತೆ ಒಣ ಬೋಗುಣಿ ಇಟ್ಟು 200 ಗ್ರಾಂ ಕಾಂಪೌಂಡ್ ಚೂರುಗಳನ್ನು ಕರಗಿಸಿ. ಬೋಗುಣಿ ಕೆಳಗಿಳಿಸಿದ ಮೇಲೆ ಮಂಡಕ್ಕಿ, ಚಿಟಿಕೆ ಉಪ್ಪು ಹಾಕಿ ಬೇಗ ಕಲಸಿ, ಬೆಣ್ಣೆ ಕಾಗದದ ಮೇಲೆ ಚಮಚದಿಂದ ಗುಪ್ಪೆ ಗುಪ್ಪೆಯಾಗಿ ಇಡಿ. ಉಪ್ಪು ಬಿಡಬೇಡಿ, ಕಾಂಪೌಂಡಿನ ಅತಿಸಿಹಿಯನ್ನು ಅದೇ ಹದಕ್ಕೆ ತರುವುದು.

ಫ್ರಿಜ್‌ನಲ್ಲಿ ಹದಿನೈದು ನಿಮಿಷ ಸಾಕು. ಅಲ್ಲೇ ಮರೆತು, ಆಮೇಲೆ ಸೆಕೆಗೆ ತೆಗೆದರೆ ಮೈಮೇಲೆ ನೀರು ಕೂತು, ಒಣಗಿದಾಗ ಸಕ್ಕರೆ ಬಿಳಿ ಪುಡಿಯಾಗಿ ಕಾಣುತ್ತದೆ. ಅದು ಬೂಷ್ಟಲ್ಲ, ತಿನ್ನಬಹುದು.

ಶೇಂಗಾ, ಗೋಡಂಬಿ ಸೇರಿಸುವುದಾದರೆ ಒಂದು ಮಾತು: ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಇಡೀ ಕಾಳು ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಪುಡಿಮಾಡಿ ಹಾಕಿ.