ನಾನಾ ದೇಶಗಳ ವಿಚಿತ್ರವಾದ ದನಗಳು

ಹಸುವನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಹಟ್ಟಿಯಲ್ಲಿ ಕಟ್ಟಿದ ದನವನ್ನು ದಿನವೂ ಕಾಣುವುದರಿಂದಲೇ ಅದರ ವಿಷಯವಾಗಿ ಕಲಿಯತಕ್ಕದ್ದೇನೂ ಇಲ್ಲವೆಂದು ಎಣಿಸುತ್ತೇವೆ. ಆದರೆ ಲೋಕದ ಬೇರೆ ಬೇರೆ ಭಾಗಗಳ ದನಗಳನ್ನು ಕುರಿತು ವಿಚಾರಿಸಿದರೆ, ಇವೆಲ್ಲಾ ಒಂದೇ ಕುಲದವುಗಳೋ ಎಂದು ಬೆರಗಾಗುವೆವು. ಈ ವೈಚಿತ್ರ್ಯಕ್ಕೆ ಕಾರಣವೇನೆಂಬುದನ್ನು ಕೆಲವು ದೃಷ್ಟಾಂತಗಳಿಂದ ತಿಳಿಯೋಣ.

ಮೊದಲನೆಯ ಕಾರಣವು ಸ್ಥಳದ ಗುಣ. ಪೂರ್ವ ಆಫ್ರಿಕದ ಯುಗಾಂಡ, ರುವಾಂಡ ಮೊದಲಾದ ದೇಶಗಳಲ್ಲಿರುವ ಅಂಕೋಲೆ ದನಗಳ ಕೊಂಬುಗಳು ಬಹು ದಪ್ಪವಾಗಿಯೂ ಉದ್ದವಾಗಿಯೂ ಇರುತ್ತವೆ. ಕೆಲವು ದನಗಳಲ್ಲಿ ಕೊಂಬಿನ ಒಂದು ತುದಿಯಿಂದ ಮತ್ತೊಂದು ತುದಿಗೆ 8 ಅಡಿಗಳಷ್ಟು ಅಂತರವುಂಟು. ಇದು ಬರಿಯ ಅಲಂಕಾರವಲ್ಲ. ಕೊಂಬಿನೊಳಗೆ ರಕ್ತವು ಹರಿದಾಡುವಾಗ ಅದರ ಕಾವು ಗಾಳಿಗೆ ಹೋಗಿ ಮೈ ತಂಪಾಗುತ್ತದೆ. ಅದೇ ಖಂಡದ ಚಾಡ್ ಸರೋವರದ ಬಳಿಯಲ್ಲಿ ಕೂರಿ ಎಂಬ ದನಗಳಿವೆ. ಇವುಗಳ ಕೊಂಬು ಬುಡದಲ್ಲಿ ಸೋರೆಬುರುಡೆಯಂತೆ ಉಬ್ಬಿದ್ದರೂ ಒಳಗೆ ಸ್ಪಂಜಿನಂತೆ ಹಗುರವಾಗಿರುತ್ತದೆ. ಇವು ಮೇವನ್ನು ಹುಡುಕಿಕೊಂಡು ಒಂದು ದ್ವೀಪದಿಂದ ಮತ್ತೊಂದಕ್ಕೆ ಈಜಿ ಹೋಗುತ್ತವೆ. ಇನ್ನು ಚಳಿಗಾಳಿಗಳ ಸ್ಕಾಟ್ಲೆಂಡಿನ ಗುಡ್ಡಗಾಡಿಗೆ ಹೋದರೆ, ಅಲ್ಲಿಯ ಹೈಲೆಂಡ್ ದನಗಳಿಗೆ ಎರಡು ಪದರ ಕೂದಲನ್ನು ಕಾಣುವೆವು. ಹೊರಗಿನ ನೀಳವಾದ ಜಿಡ್ಡುಗೂದಲಿನ ಮೇಲೆ ಮಳೆಯ ನೀರು ನಿಲ್ಲದೆ ಜಾರಿಹೋಗುತ್ತದೆ. ಒಳಗಿನ ಮೃದುವಾದ ಕೂದಲು ಕಂಬಳಿಯಂತೆ ಮೈಯನ್ನು ಬೆಚ್ಚಗಿಡುತ್ತದೆ.

ಎರಡನೆಯ ಕಾರಣವು ಮನುಷ್ಯನ ಆಯ್ಕೆ. ಮೈಸೂರು ಸೀಮೆಯ ಅಮೃತಮಹಲ್ ದನಗಳು ಹಾಲನ್ನು ಕೊಡುವುದು ಸ್ವಲ್ಪವೇ. ಆದರೆ ಅರಸರ ಕಾಲದಲ್ಲಿ ಇವುಗಳ ಎತ್ತುಗಳನ್ನು ದಂಡಿನ ಸಾಮಾನುಗಳನ್ನು ಎಳೆಯುವುದಕ್ಕೆ ಉಪಯೋಗಿಸುತ್ತಿದ್ದುದರಿಂದ, ವೇಗದಲ್ಲಿಯೂ ತಾಳ್ಮೆಯಲ್ಲಿಯೂ ಹೆಸರಾದವು. ಇಂಥ ಆಯ್ಕೆಯು ಮಿತಿಮೀರಿದರೆ ಏನಾಗುವುದೆಂಬುದಕ್ಕೆ ಬೆಲ್ಜಿಯಮ್ ದೇಶದ ನೀಲಿ ದನವು ಸಾಕ್ಷಿ. ಮಾಂಸದ ಬೆಳವಣಿಗೆಯನ್ನು ತಡೆಯುವ ಅನುವಂಶೀಯ ಗುಣವೊಂದು ಇದರಲ್ಲಿ ಕೆಟ್ಟಿರುವುದರಿಂದ, ಗರಡಿಯ ಜಟ್ಟಿಯಂತೆ ಮೈಯೆಲ್ಲಾ ಉಬ್ಬಿಕೊಂಡಿರುತ್ತದೆ. ಮನುಷ್ಯನಿಗೆ ಇದರಿಂದ ಲಾಭವುಂಟು, ಹಸುವಿಗಾದರೋ ಸಂಕಟವೇ. ಕರು ದೊಡ್ಡದಾಗಿದ್ದು ಹೆರಿಗೆಯ ದಾರಿಯು ಇಕ್ಕಟ್ಟಾದುದರಿಂದ, ಹೆಚ್ಚಾಗಿ ಶಸ್ತ್ರಚಿಕಿತ್ಸೆಯಿಂದಲೇ ಕರುವನ್ನು ಹೊರತೆಗೆಯಬೇಕಾಗುತ್ತದೆ.

ಮನುಷ್ಯನ ಅಲಕ್ಷ್ಯದಿಂದ ಅಳಿವಿನ ಅಂಚಿಗೆ ಬಂದವುಗಳೂ ಉಂಟು. ಕೇರಳದ ಕೊಟ್ಟಾಯಂ ಜಿಲ್ಲೆಯ ವೆಚ್ಚೂರಿನ ಹಸುವು ಸುಮಾರು 3 ಅಡಿಗಿಂತ ಎತ್ತರವಿಲ್ಲ. ಸ್ವಲ್ಪ ಮೇವಿನಿಂದಲೇ ಬದುಕಿ, ಬಡವರ ಮನೆಗೆ ಸಾಕಾಗುವಷ್ಟು ಹಾಲನ್ನು ಕೊಡುತ್ತದೆ. ಹೆಚ್ಚು ಹಾಲಿನ ಆಶೆಯಿಂದ ಜನರು ಪರದೇಶದ ತಳಿಗಳನ್ನು ಬೆರಸಿದ ಮೇಲೆ ಈ ತಳಿಯು ಬಹುಮಟ್ಟಿಗೆ ಕಾಣದೆ ಹೋಯಿತು. ಆಗ 1989ರಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಅಧ್ಯಾಪಕಿ ಡಾಕ್ಟರ್ ಸೋಸಮ್ಮ ಐಪ್ ಎಂಬವರು ತಮ್ಮ ವಿದ್ಯಾರ್ಥಿಗಳೊಡನೆ ಹಳ್ಳಿಗಳಲ್ಲಿ ಹುಡುಕಿ, ಉಳಿದಿದ್ದ ಕೆಲವೇ ದನಗಳನ್ನು ಕೂಡಿಸಿ ತಳಿಯನ್ನು ಉಳಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು.

ಎಲ್ಲವುಗಳಿಗೂ ಇಂಥ ಭಾಗ್ಯವು ಬರಲಿಲ್ಲ. ಲೋಕದ ಸಾಕುದನಗಳಿಗೆಲ್ಲಾ ಮೂಲವಾದ ಆರಾಕ್ಸ್ ಎಂಬ ಕಾಡುದನದ ಕಟ್ಟಕಡೆಯ ಹಸುವು 1627ರಲ್ಲಿ ಪೋಲೆಂಡಿನ ಯಾಕ್ತೋರೂವ್ ಕಾಡಿನಲ್ಲಿ ಸತ್ತಿತು. ಇಂದು ಎಷ್ಟು ಹಣವನ್ನು ಕೊಟ್ಟರೂ ಅದನ್ನು ಮರಳಿ ತರಲಾರೆವು.

ಆದುದರಿಂದ ನಾವು ಕಲಿಯತಕ್ಕ ಪಾಠವೇನಂದರೆ, ಹಾಲಿನ ಅಳತೆಯೊಂದರಿಂದಲೇ ದನದ ಬೆಲೆಯನ್ನು ಕಟ್ಟಬಾರದು. ಒಂದೊಂದು ತಳಿಯಲ್ಲಿಯೂ ತನ್ನ ಊರಿನ ಬಿಸಿಲು, ಮಳೆ, ಮೇವುಗಳನ್ನು ತಾಳಿಕೊಳ್ಳುವ ಉಪಾಯವು ಅಡಗಿದೆ. ನಮ್ಮ ಬೀದಿಯಲ್ಲಿ ಹೋಗುವ ಚಿಕ್ಕ ನಾಡಹಸುವನ್ನು ಕಂಡಾಗ, ಇದು ಎಷ್ಟು ಹಾಲು ಕೊಡುತ್ತದೆಂದು ಕೇಳುವುದರೊಂದಿಗೆ, ಇಷ್ಟು ಸ್ವಲ್ಪದಲ್ಲಿ ಹೇಗೆ ಬದುಕುತ್ತದೆಂದೂ ಕೇಳೋಣ.