ಹಾಸ್ಪೆಟ್ ವಿಳಾಸಕ್ಕೆ ಬರುವ ಕಾಗದಗಳು

ಚಿ. ಮಗಳಿಗೆ,

 

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು: "ದೊಡ್ಡಪ್ಪಾ, ಆಫೀಸಿನ ಮೇಲ್ ಸರ್ವರ್ ಲಿನಕ್ಸ್‌ಗೆ ಹಾಕ್ಬೇಕಂತೆ, ಎಷ್ಟು ದಿನ ಹಿಡಿತೈತಿ?" ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿ ಅದಲ್ಲ. ಹೋದ ವಾರ ಕಂಪ್ಲಿಯ ಅಕ್ಕಿ ಗಿರಣಿಯೊಂದರ ಹುಡುಗನೂ ಇದನ್ನೇ ಕೇಳಿದ. ಅದಕ್ಕೇ ಮನೆಯ ಕಾಗದವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಬೇಜಾರಾಗಬೇಡ, ನಿನ್ನ ಹೆಸರು ಹಾಕಿಲ್ಲ.

ಎಲ್ಲರಿಗೂ ಈಗಲೇ ಅವಸರ ಹುಟ್ಟಿರುವುದಕ್ಕೆ ಕಾರಣವಿದೆ. ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಎಕ್ಸ್‌ಚೇಂಜ್ 2016 ಮತ್ತು 2019 ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಸಂಡೂರಿನ ನಿಮ್ಮ ಕಚೇರಿಯಲ್ಲಿ ಕೂತಿರುವುದು 2016. 2021ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್‌ನ ಬಿರುಕುಗಳ ಮೂಲಕ ಜಗತ್ತಿನಾದ್ಯಂತ ಸಾವಿರಾರು ಕಚೇರಿಗಳಿಗೆ ಕಳ್ಳರು ನುಗ್ಗಿದ್ದನ್ನು ನೆನಪಿಸಿಕೊಂಡರೆ, ತೇಪೆ ಬರದ ಸರ್ವರನ್ನು ಇಂಟರ್‌ನೆಟ್‌ಗೆ ತೆರೆದಿಟ್ಟು ನಿದ್ದೆ ಮಾಡುವುದು ಆಗದ ಮಾತು. ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಹೊಸಪೇಟೆಯ ನಮ್ಮ ಕಚೇರಿಯಲ್ಲಿ ನಾವು ಬದಲಿಸಿದ್ದು 2014ರಲ್ಲಿ. ಎಕ್ಸ್‌ಚೇಂಜ್ 2003ಕ್ಕೆ ಆ ವರ್ಷ ಏಪ್ರಿಲ್ 8ಕ್ಕೆ ಬೆಂಬಲ ಮುಗಿದಿತ್ತು. ನಿಜ ಹೇಳಬೇಕೆಂದರೆ ನಮ್ಮನ್ನು ಲಿನಕ್ಸ್‌ಗೆ ದಬ್ಬಿದ್ದು ಭದ್ರತೆಯೂ ಅಲ್ಲ, ಮುಕ್ತ ತಂತ್ರಾಂಶದ ಮೇಲಿನ ಪ್ರೀತಿಯೂ ಅಲ್ಲ. ಕೈಯಲ್ಲಿ ದುಡ್ಡಿರಲಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಲಾರಿಗಳನ್ನೇ ನಂಬಿದ್ದ ನಮ್ಮಂಥ ಕಚೇರಿಗಳು ಬರಿಗೈಯಾದವು. 2013ರ ಏಪ್ರಿಲ್‌ನಲ್ಲಿ ಎ, ಬಿ ವರ್ಗದ ಗಣಿಗಳಿಗೆ ಷರತ್ತಿನ ಮೇಲೆ ಅನುಮತಿ ಸಿಕ್ಕರೂ ಹಳೆಯ ಕಾಲ ಮರಳಲಿಲ್ಲ. ಹೊಸ ಲೈಸೆನ್ಸಿನ ಕೊಟೇಶನ್ ನೋಡಿದ ಯಜಮಾನರು, "ಪುಕ್ಕಟೆ ಇರೋದು ಯಾವುದಾದ್ರೂ ಐತೇನಪಾ?" ಎಂದರು. ಐತ್ರಿ ಅಂದೆ. ನಾನು ಹೇಳಿದ ದೊಡ್ಡ ಸುಳ್ಳು ಅದೇ. ತಂತ್ರಾಂಶ ಪುಕ್ಕಟೆ, ಅದನ್ನು ಕಾಯುವ ಮನುಷ್ಯ ಪುಕ್ಕಟೆಯಲ್ಲ. ನಿಮ್ಮ ಯಜಮಾನರಿಗೆ ನೀನು ಇದನ್ನು ಮೊದಲೇ ಹೇಳಿಬಿಡು.

"ಹೊಸದು ಅಂದ್ರೆ ಭಯ" ಅಂತಲೂ ಅವರು ಅಂದಿದ್ದರು. ಅದಕ್ಕೆ ನನ್ನ ಉತ್ತರ ಸಿದ್ಧವಿತ್ತು. ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದದ್ದೂ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾದದ್ದೂ ಒಂದೇ ವರ್ಷ, 1991. ವಿಶ್ವವಿದ್ಯಾಲಯವನ್ನು ಯಾರೂ ಹೊಸದು ಅನ್ನುವುದಿಲ್ಲವಲ್ಲ!

ಹಳೆಯ ಯಂತ್ರದ ಮುಚ್ಚಳ ತೆಗೆದ ದಿನ ಇನ್ನೂ ಕಣ್ಣ ಮುಂದಿದೆ. ನಮ್ಮ ಸಂಡೂರು ಶಾಖೆಯದು. ಫ್ಯಾನಿನ ರೆಕ್ಕೆಗಳ ಮೇಲೆ ಕೆಂದೂಳು ಕುಂಕುಮದ ಹಾಗೆ ಕೂತಿತ್ತು. ಬೆರಳಿಟ್ಟರೆ ಎಣ್ಣೆಯ ಜಿಗುಟು. ಬ್ಲೋವರ್ ಹಿಡಿದಾಗ ಕೋಣೆಯೆಲ್ಲ ಕೆಂಪಾಗಿ ಗುಮಾಸ್ತರು ಕೆಮ್ಮುತ್ತ ಹೊರಗೆ ಓಡಿದರು. ಡಿಸ್ಕು ಒಳಗೊಳಗೇ ಕಟಕಟ ಎನ್ನುತ್ತಿತ್ತು. ಅಲ್ಲಿಯ ಫೋನ್ ಲೈನಿನಲ್ಲಿ ಅಷ್ಟು ಮೇಲ್ ಎಳೆಯಲು ವಾರ ಸಾಲದು. ಕೊನೆಗೆ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹೊಸಪೇಟೆ ಬಸ್ ಹತ್ತಿದೆ. ಘಾಟಿನ ಪ್ರತಿ ತಿರುವಿನಲ್ಲೂ ಎದೆ ಹೊಡೆದುಕೊಳ್ಳುತ್ತಿತ್ತು. ಆದ್ದರಿಂದ ನಿನಗೆ ಮೊದಲ ಮಾತು: ಸಾಗಿಸುವ ಯೋಚನೆ ಆಮೇಲೆ. ಇವತ್ತೇ ಎರಡು ಬ್ಯಾಕಪ್ ತೆಗೆದು, ಒಂದನ್ನು ಆ ಕಟ್ಟಡದಿಂದ ಆಚೆ ಇಡು.

ಇನ್ನು ಲಿನಕ್ಸ್ ಕಡೆಯ ಕೆಲಸಗಾರರು. ಮೇಲ್ ತರುವ, ಒಯ್ಯುವ ಅಂಚೆಯಣ್ಣ ಪೋಸ್ಟ್‌ಫಿಕ್ಸ್. ವೀತ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಬಿಟ್ಟದ್ದು. ಪೆಟ್ಟಿಗೆ ಕಾಯುವವನು ಡವ್‌ಕಾಟ್, ಇನ್ನೊಬ್ಬ ಫಿನ್‌ಲೆಂಡಿನವ ಟಿಮೊ ಸಿರೈನೆನ್ 2002ರಲ್ಲಿ ಕೊಟ್ಟದ್ದು. ಎಕ್ಸ್‌ಚೇಂಜ್ ಎಲ್ಲರ ಮೇಲ್‌ಗಳನ್ನೂ ದೊಡ್ಡ ಡೇಟಾಬೇಸ್ ಕಡತವೊಂದರಲ್ಲಿ ತುಂಬಿಡುತ್ತದೆ, ನಮ್ಮೂರ ಹಗೇವಿನಲ್ಲಿ ಜೋಳ ಸುರಿದ ಹಾಗೆ. ನೀರು ಹೊಕ್ಕರೆ ಇಡೀ ಹಗೇವೇ ಹಾಳು. ಡವ್‌ಕಾಟ್ ಬಳಸುವ ಮೇಲ್‌ಡಿರ್ ಪದ್ಧತಿಯಲ್ಲಿ ಒಂದೊಂದು ಮೇಲ್‌ಗೂ ಒಂದೊಂದು ಕಡತ. ಒಂದು ಚೀಲ ಹರಿದರೆ ಹೋಗುವುದು ಆ ಚೀಲ ಮಾತ್ರ. ಇವನ್ನು ಅಳವಡಿಸುವುದು ನಿನಗೆ ಎರಡು ದಿನದ ಕೆಲಸ, ಪುಸ್ತಕ ನೋಡಿಕೊಂಡು ಮಾಡುತ್ತೀ. ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ.

ನನ್ನನ್ನು ಕೆಡವಿದ್ದು ಹೆಸರುಗಳು ಮತ್ತು ತಾರೀಖುಗಳು.

ತಾರೀಖಿನದು ಮೊದಲು ಹೇಳುತ್ತೇನೆ. ಮೊದಲ ನಾಲ್ಕು ಜನರ ಮೇಲ್‌ಗಳನ್ನು ನಾನು ಔಟ್‌ಲುಕ್‌ನಲ್ಲಿ ತೆರೆದು, ಹಳೆಯ ಪೆಟ್ಟಿಗೆಯಿಂದ ಹೊಸದಕ್ಕೆ ಮೌಸ್‌ನಲ್ಲೇ ಎಳೆದು ಹಾಕಿದೆ. ಮರುದಿನ ಅಕೌಂಟೆಂಟ್ ಕರೆದು ತೋರಿಸಿದರು: 2006ರಿಂದ ಬಂದ ಎಲ್ಲ ಮೇಲ್‌ಗಳ ಮುಂದೂ ನಿನ್ನೆಯ ತಾರೀಖು! ಕಾಗದದ ಒಳಗೆ ಬರೆದ ತಾರೀಖು ಬೇರೆ, ಲಕೋಟೆಯ ಮೇಲಿನ ಅಂಚೆ ಮುದ್ರೆ ಬೇರೆ. ನಾನು ಅಷ್ಟೂ ಲಕೋಟೆಗಳಿಗೆ ಹೊಸದಾಗಿ ಮುದ್ರೆ ಒತ್ತಿಬಿಟ್ಟಿದ್ದೆ. ನಮ್ಮ ಸೀಮೆಯಲ್ಲಿ ಇದು ಸಣ್ಣ ತಪ್ಪಲ್ಲ. ಯಾವ ಲಾರಿ ಯಾವ ದಿನ ಎಷ್ಟು ಟನ್ ಎತ್ತಿತು ಎಂದು ವರ್ಷಗಳ ನಂತರವೂ ಕೇಳುವವರಿದ್ದ ಕಾಲ ಅದು. ಈಗಂತೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಕೋರ್ಟಿಗೆ ಮೇಲ್ ಕೊಡುವಾಗ ಅದರ ಹ್ಯಾಶ್ ಸಮೇತ ಪ್ರಮಾಣಪತ್ರ ಕೊಡಬೇಕು. ಆ ನಾಲ್ಕು ಪೆಟ್ಟಿಗೆಗಳನ್ನು ಖಾಲಿ ಮಾಡಿ, ಐಮ್ಯಾಪ್‌ಸಿಂಕ್ ಎಂಬ ಉಪಕರಣದಿಂದ ಮತ್ತೆ ತುಂಬಿದೆ. ಅದು ಮುದ್ರೆಯನ್ನೂ ಓದಿದ ಗುರುತನ್ನೂ ಫೋಲ್ಡರ್‌ಗಳನ್ನೂ ಹಾಗೇ ಸಾಗಿಸುತ್ತದೆ. ಎಷ್ಟು ಸಲ ಓಡಿಸಿದರೂ ಹೊಸದಾಗಿ ಬಂದದ್ದನ್ನು ಮಾತ್ರ ತರುತ್ತದೆ. ಎರಡು ವಾರ ಮೊದಲೇ ರಾತ್ರಿ ಹೊತ್ತು ಓಡಿಸುತ್ತ ಬಾ, ಕೊನೆಯ ದಿನ ಉಳಿಯುವುದು ಚಿಲ್ಲರೆ. ಕ್ಯಾಲೆಂಡರ್ ಮಾತ್ರ ಈ ದಾರಿಯಲ್ಲಿ ಬರುವುದಿಲ್ಲ. ಯಜಮಾನರ ಅಪಾಯಿಂಟ್‌ಮೆಂಟುಗಳನ್ನು ಬೇರೆಯೇ ಎತ್ತಿಡಬೇಕು. ಮರೆತರೆ ಬೈಗುಳ ಖಂಡಿತ.

ಹೆಸರಿನ ಕಥೆ ಇನ್ನೂ ಕಷ್ಟದ್ದು. ಸರ್ವರಿನಲ್ಲಿರುವ ಜನರ ಪಟ್ಟಿ ಸುಲಭವಾಗಿ ಸಿಗುತ್ತದೆ. ಜನವಲ್ಲದ ಹೆಸರುಗಳು ಎಲ್ಲೆಲ್ಲೋ ಅಡಗಿರುತ್ತವೆ: ಅಕೌಂಟ್ಸ್, ಡಿಸ್ಪ್ಯಾಚ್, ಯಾವನೋ ಬಿಟ್ಟುಹೋದ ಮ್ಯಾನೇಜರನ ಹೆಸರಿಗೆ ಬಂದು ಇನ್ನೊಬ್ಬರಿಗೆ ತಿರುಗುವ ಮೇಲ್. ನಾನು ಬಿಟ್ಟದ್ದು ವೇಬ್ರಿಜ್ ಎಂಬ ವಿಳಾಸ. ಅದು ಮೇಲ್‌ಬಾಕ್ಸೇ ಅಲ್ಲ, ಮೂವರಿಗೆ ಹಂಚುವ ಪಟ್ಟಿ. ಎರಡು ದಿನ ಅಲ್ಲಿಗೆ ಬರೆದವರಿಗೆಲ್ಲ ನಮ್ಮ ಹೊಸ ಸರ್ವರ್ ನಿಷ್ಠೆಯಿಂದ 550 ಸಂಖ್ಯೆಯ ಉತ್ತರ ಕೊಟ್ಟಿತು: ಇಂಥವರು ಇಲ್ಲಿಲ್ಲ. ಚೆನ್ನೈನ ಗಿರಾಕಿಯೊಬ್ಬರು ಮೂರನೇ ದಿನ ಫೋನ್ ಮಾಡಿ, "ನೀವೂ ಬಾಗಿಲು ಹಾಕಿದಿರಿ ಅಂದುಕೊಂಡೆವು" ಎಂದರು. ಗಣಿ ನಿಂತು ಎಷ್ಟೋ ಕಚೇರಿಗಳು ಮುಚ್ಚಿದ್ದ ದಿನಗಳು. ಅವರು ಹಾಗೆ ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ.

ಆಮೇಲೆ ಗೊತ್ತಾಯಿತು, ಪೋಸ್ಟ್‌ಫಿಕ್ಸ್‌ನಲ್ಲಿ ಸಾಫ್ಟ್ ಬೌನ್ಸ್ ಎಂಬ ಒಂದು ಸಾಲಿನ ವ್ಯವಸ್ಥೆ ಇದೆ. ಅದನ್ನು ಹಾಕಿದರೆ "ಇಲ್ಲ" ಎನ್ನುವ ಬದಲು "ಈಗ ಬೇಡ, ಆಮೇಲೆ ಬಾ" ಎನ್ನುತ್ತದೆ. ಕಳಿಸಿದ ಸರ್ವರ್ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ನಾಲ್ಕೈದು ದಿನವಾದರೂ ಪ್ರಯತ್ನ ಬಿಡಬಾರದು ಎಂಬುದು ಮೇಲ್ ಜಗತ್ತಿನ ನಿಯಮ. ಮೊದಲ ವಾರ ಅದನ್ನು ಹಾಕಿಟ್ಟು, ದಿನಾ ಬೆಳಿಗ್ಗೆ ಲಾಗ್ ಓದು. ಬಿಟ್ಟುಹೋದ ಹೆಸರುಗಳು ತಾವಾಗಿಯೇ ಬಂದು ನಿಲ್ಲುತ್ತವೆ. ವಾರವಾದ ಮೇಲೆ ತೆಗೆಯಲು ಮರೆಯಬೇಡ. ಕಳಿಸುವ ಸರ್ವರ್ ಹೀಗೆ ಮತ್ತೆ ಮತ್ತೆ ತಟ್ಟುವುದರಿಂದಲೇ, ಬದಲಾವಣೆಯ ಶನಿವಾರ ರಾತ್ರಿ ಎರಡು ತಾಸು ಸರ್ವರ್ ನಿಂತರೆ ಕಾಗದ ಕಳೆದೀತೆಂಬ ಭಯವೂ ಬೇಡ. ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯ ಟಿಟಿಎಲ್ ಅನ್ನು ಎರಡು ದಿನ ಮೊದಲೇ 300 ಸೆಕೆಂಡಿಗೆ ಇಳಿಸಿಟ್ಟಿದ್ದರೆ ಹೊಸ ವಿಳಾಸ ಜಗತ್ತಿಗೆ ಬೇಗ ತಿಳಿಯುತ್ತದೆ.

ಜನ ಅಳುವುದು ಬೇರೆಯದಕ್ಕೇ. ಕಂಪ್ಲಿ ಶಾಖೆಯ ಹಿರಿಯ ಗುಮಾಸ್ತರು ಮೂವತ್ತು ಕಿಲೋಮೀಟರ್ ದೂರದಿಂದ ಬೆಳಿಗ್ಗೆ ಎಂಟಕ್ಕೇ ಬಂದು ಕೂತಿದ್ದರು. "ನನ್ನ ಜನ ಎಲ್ಲಾ ಹೋದ್ರಲ್ಲಪಾ" ಎಂದರು. ಮೇಲ್‌ಗಳೆಲ್ಲ ಇದ್ದವು. ಹೋದದ್ದು, ಒಂದಕ್ಷರ ಒತ್ತಿದರೆ ಕೆಳಗೆ ಇಳಿಯುತ್ತಿದ್ದ ಹೆಸರುಗಳ ಸಾಲು. ಎಂಟು ವರ್ಷ ಅವರು ಯಾರ ವಿಳಾಸವನ್ನೂ ಪೂರ್ತಿ ಟೈಪ್ ಮಾಡಿರಲಿಲ್ಲ. ನಮ್ಮಲ್ಲಿದ್ದ ಹಳೆಯ ಔಟ್‌ಲುಕ್‌ನಲ್ಲಿ ಆ ಸಾಲು ಸರ್ವರಿನಲ್ಲಿ ಇರುತ್ತಲೇ ಇರಲಿಲ್ಲ, ಅವರವರ ಯಂತ್ರದಲ್ಲಿರುತ್ತಿತ್ತು. ಮೊದಲೇ ಎತ್ತಿಡಬೇಕಿತ್ತು. ಅವರು ಕಳಿಸಿದ ಹಳೆಯ ಮೇಲ್‌ಗಳಿಂದ ಇನ್ನೂರು ವಿಳಾಸ ಆರಿಸಿ ಅಡ್ರೆಸ್ ಬುಕ್ಕಿಗೆ ಹಾಕಿ, ಒಗ್ಗರಣೆ-ಮಿರ್ಚಿ ತಿನ್ನಿಸಿ ಮಧ್ಯಾಹ್ನದ ಬಸ್ಸಿಗೆ ಕಳಿಸಿದೆ.

ಕನ್ನಡದ ಮೇಲ್‌ಗಳ ಗೋಳೂ ಒಂದಿತ್ತು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬಂದ ಕಾಗದಗಳು ಹೊಸ ವೆಬ್‌ಮೇಲ್‌ನಲ್ಲಿ ಕೊಂಬು ಬಂದ ಇಂಗ್ಲಿಷ್ ಅಕ್ಷರಗಳಾಗಿ ಕಂಡವು. "ಲಿನಕ್ಸ್ ಕನ್ನಡ ಕೆಡಿಸ್ತು" ಎಂದು ಮಾತಾಯಿತು. ಲಿನಕ್ಸ್ ಏನೂ ಕೆಡಿಸಿರಲಿಲ್ಲ. ಆ ಅಕ್ಷರಗಳು ಮೊದಲಿನಿಂದಲೂ ಹಾಗೇ ಇದ್ದವು, ಫಾಂಟು ವೇಷ ಹಾಕಿಸಿತ್ತು ಅಷ್ಟೆ. ಯೂನಿಕೋಡ್‌ಗೆ ತಿರುಗಿಸುವ ಸಾಧನಗಳಿವೆ. ಮೂಲವನ್ನು ಮುಟ್ಟದೆ ನಕಲನ್ನು ತಿರುಗಿಸು.

ಇದೆಲ್ಲ ಮುಗಿದರೂ ನಿನ್ನ ಮೇಲ್ ಜಿಮೇಲಿನವರ ಸ್ಪ್ಯಾಮ್‌ಗೆ ಬೀಳಬಹುದು. ನಿನ್ನ ಐಪಿ ಸಂಖ್ಯೆಗೆ ತಿರುಗು ಹೆಸರು, ಅಂದರೆ ಪಿಟಿಆರ್, ಹಾಕಿಸಲು ಇಂಟರ್‌ನೆಟ್ ಕೊಡುವವರ ಹಿಂದೆ ಬೀಳಬೇಕು. ನನಗೆ ಐದು ಅರ್ಜಿ ಬೇಕಾದವು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ನಿಯಮ ಬಿಗಿ ಮಾಡಿವೆ. ಮೇಲ್ ನಿನ್ನದೇ ಎಂದು ರುಜುವಾತು ಮಾಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಮೊದಲ ದಿನವೇ ಹಾಕಿಬಿಡು.

ಹೊಸತು ಕೈಕೊಟ್ಟರೆ ಹಳೆಯದಕ್ಕೆ ಮರಳುವ ದಾರಿಯನ್ನು ಹೊರಡುವ ಮೊದಲೇ ಕಟ್ಟಿಕೊಂಡಿರು. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದದ್ದು ನಿನಗೆ ಗೊತ್ತೇ ಇದೆ. ಗೇಟಿನ ಜಾಗದಲ್ಲಿ ನೀರು ತಡೆಯುವ ಸ್ಟಾಪ್‌ಲಾಗ್‌ಗಳನ್ನು ಹಗಲು ರಾತ್ರಿ ಹೊಸದಾಗಿ ಮಾಡಿಸಿ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರಂಥ ಹಿರಿಯರನ್ನು ಕರೆಸಿ, ಹರಿಯುವ ನೀರಿನಲ್ಲೇ ಇಳಿಸಿದರು. ವಾರದಲ್ಲಿ ಕೆಲಸವಾಯಿತು, ಸಾಹಸವೇ ಸರಿ. ಅಷ್ಟರಲ್ಲಿ ಹರಿದುಹೋದ ನೀರು ಹೋಯಿತು. ಸಿದ್ಧವಿದ್ದ ಸ್ಟಾಪ್‌ಲಾಗ್‌ಗೂ ಹುಡುಕಿ ಮಾಡಿಸಿದ ಸ್ಟಾಪ್‌ಲಾಗ್‌ಗೂ ಇರುವ ಅಂತರ ಆ ನೀರು. ಹಳೆಯ ಸರ್ವರನ್ನು ಮೂರು ತಿಂಗಳು ಗುಜರಿಗೆ ಹಾಕಬೇಡ.

ಒಮ್ಮೆ ಲಿನಕ್ಸ್ ಹಾಕಿದರೆ ಆಯಿತು ಎಂದೂ ತಿಳಿಯಬೇಡ. ನಾವು ಹಾಕಿದ್ದು ಸೆಂಟ್ಓಎಸ್ 6 ಎಂಬ ಲಿನಕ್ಸ್. ಅದಕ್ಕೆ 2020ರ ನವೆಂಬರ್ 30ಕ್ಕೆ ಆಯುಷ್ಯ ತೀರಿತು. ಅದರ ಮುಂದಿನ ತಿಂಗಳೇ, 2029ರವರೆಗೆ ಎಂದಿದ್ದ ಸೆಂಟ್ಓಎಸ್ 8ಕ್ಕೆ 2021ರ ಕೊನೆಯೇ ಕೊನೆ ಎಂದು ರೆಡ್ ಹ್ಯಾಟ್ ಪ್ರಕಟಿಸಿತು. ನಾವು ಡೆಬಿಯನ್‌ಗೆ ಹೋದೆವು. ಆ ಸಲ ಒಂದೇ ವಾರಾಂತ್ಯ ಸಾಕಾಯಿತು, ಯಾಕೆಂದರೆ ಹೆಸರುಗಳ ಪಟ್ಟಿ ಕೈಯಲ್ಲಿತ್ತು.

ಸ್ವಂತ ಸರ್ವರ್ ಎಲ್ಲರಿಗೂ ಬೇಕೆಂದೇನಿಲ್ಲ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರ 40,000ಕ್ಕೂ ಹೆಚ್ಚು ಮೇಲ್‌ಬಾಕ್ಸ್‌ಗಳನ್ನು ಎಕ್ಸ್‌ಚೇಂಜ್‌ನಿಂದ ಮುಕ್ತ ತಂತ್ರಾಂಶಕ್ಕೆ ಸಾಗಿಸಿ 2025ರ ಅಕ್ಟೋಬರ್‌ನಲ್ಲಿ ಮುಗಿಸಿತು. ಅದಕ್ಕೆ ಹಿಡಿದದ್ದು ಆರು ತಿಂಗಳು. ನಮ್ಮ ಕೇಂದ್ರ ಸರ್ಕಾರ ಇನ್ನೊಂದು ದಾರಿ ಹಿಡಿದು ನೌಕರರ ಮೇಲ್‌ಗಳನ್ನು ಜೋಹೋ ವೇದಿಕೆಗೆ ಒಪ್ಪಿಸಿತು. ಎರಡೂ ಸರಿಯಾದ ದಾರಿಗಳೇ. ಹಂಪಿಯಲ್ಲಿ ನಾಲ್ಕು ಕೋಣೆಯ ಹೋಂಸ್ಟೇ ನಡೆಸುವವರಿಗೆ ಸ್ವಂತ ಸರ್ವರ್ ಬೇಡ, ಆ ಗಿರಣಿಯ ಹುಡುಗನಿಗೂ ಬೇಡ ಎಂದೇ ಹೇಳಿದೆ. ನಿಮ್ಮಲ್ಲಿ ಹಳೆಯ ದಾಖಲೆ ಬಹಳ, ಕೇಳುವವರೂ ಬಹಳ. ನೀನು ಇನ್ನೂ ಮೂರು ವರ್ಷ ಅಲ್ಲೇ ಇರುವುದಾದರೆ ಮಾಡು. ಬೆಂಗಳೂರಿನ ಕೆಲಸದ ಮೇಲೆ ಕಣ್ಣಿದ್ದರೆ ಬೇಡ, ಬಾಡಿಗೆಯ ಮೇಲ್ ಕೊಡಿಸಿ ಹೋಗು.

ಎಷ್ಟು ದಿನ ಎಂದು ಕೇಳಿದ್ದೆ. ಯಂತ್ರಕ್ಕೆ ಎರಡು ದಿನ, ಹೆಸರು ಹುಡುಕಲು ಒಂದೂವರೆ ತಿಂಗಳು.

ಕೊನೆಯದಾಗಿ ಒಂದು ಸಂಗತಿ. ನಾವು ಸರ್ವರ್ ಬದಲಿಸಿದ ವರ್ಷವೇ, ನವೆಂಬರ್ 1ರಂದು, ಊರಿನ ಹೆಸರು ಇಂಗ್ಲಿಷಿನಲ್ಲೂ ಹೊಸಪೇಟೆ ಆಯಿತು. ಯಜಮಾನರು ಹೊಸಪೇಟೆ ಎಂಬ ಕಾಗುಣಿತದಲ್ಲೇ ಹೊಸ ವಿಳಾಸ ಮಾಡಿಸಿ, ಹಳೆಯ ಹಾಸ್ಪೆಟ್ ತೆಗೆದುಬಿಡು ಎಂದರು. ನಾನು ತೆಗೆಯಲಿಲ್ಲ, ಹೊಸದಕ್ಕೆ ತಿರುಗಿಸಿಟ್ಟೆ. ನಿವೃತ್ತನಾದ ಮೇಲೂ ತಿಂಗಳಿಗೊಮ್ಮೆ ಲಾಗ್ ನೋಡಲು ಹೋಗುತ್ತೇನೆ. ಆ ವಿಳಾಸಕ್ಕೆ ಈಗಲೂ ತಿಂಗಳಿಗೆ ಹತ್ತು ಹನ್ನೆರಡು ಕಾಗದ ಬರುತ್ತವೆ. ಹೋದ ತಿಂಗಳು ಬಂದದ್ದರಲ್ಲಿ ಒಂದು ಚೆಕ್ಕಿನ ವಿಚಾರ ಇತ್ತು.

ಇಂತಿ,
ನಿನ್ನ ದೊಡ್ಡಪ್ಪ